ಪೆಟ್ಟಿಗೆಯೊಳಗಿನ ಹಳೇ ರೂಪಾಯಿ

ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ ನನಗೆ ಮೊದಲು ನೆನಪಾದದ್ದು ಬೆಳ್ಳಿ ರೂಪಾಯಿ. ಲಕ್ಷ್ಮೀಪೂಜೆಯ ದಿನ ಕಳಶದ ಮುಂದೆ ಇಡಲೆಂದು ಒಂದೆರಡು ಹಳೇ ರೂಪಾಯಿ ಉಳಿಸಿಕೊಂಡ ಮನೆಗಳು ನಮ್ಮಲ್ಲಿ ಈಗಲೂ ಇವೆ. ವರ್ಷಕ್ಕೊಮ್ಮೆ ಹೊರಬಂದು ಮತ್ತೆ ಪೆಟ್ಟಿಗೆ ಸೇರುವ ಆ ನಾಣ್ಯದ ಇಸವಿ ಯಾವುದೆಂದು ನೋಡಿದವರು ಮಾತ್ರ ಕಡಿಮೆ.

ನಮ್ಮ ಬೋರನಕಣಿವೆಯಲ್ಲಿ ಸುವರ್ಣಮುಖಿಗೆ ಕಟ್ಟೆ ಕಟ್ಟಿದ್ದು 1892ರಲ್ಲಿ. ಆಗ ಓಡಾಡುತ್ತಿದ್ದದ್ದು ವಿಕ್ಟೋರಿಯಾ ರಾಣಿಯ ರೂಪಾಯಿ. ರಾಜ್ಯ ಮೈಸೂರು ಅರಸರದಾದರೂ ಸಂಸ್ಥಾನದ ಟಂಕಸಾಲೆ 1843ರಲ್ಲೇ ಮುಚ್ಚಿಹೋಗಿತ್ತು. ಅದಕ್ಕೆ ಮುಂಚೆ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯದ ಮೇಲೆ ಕನ್ನಡದಲ್ಲೇ 'ಮಯಿಲಿ ಕಾಸು' ಎಂದು ಅಚ್ಚಾಗುತ್ತಿತ್ತು. ಟಿಪ್ಪುವಿನ ತಾಮ್ರದ ಕಾಸಿನಲ್ಲಿ ಆನೆಯ ಚಿತ್ರ, ಬರಹ ಪಾರಸಿ. ಇಂಥವು ನೆಲ ಅಗೆಯುವಾಗ ನಿಧಿಯಾಗಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂದು ಕಾಯಿದೆ ಇದೆ, ಮರೆಯಬಾರದು.

ಬೆಳ್ಳಿ ರೂಪಾಯಿಯ ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. 1877ರಿಂದ ವಿಕ್ಟೋರಿಯಾ ಹೆಸರಿನ ಜೊತೆ 'ಕ್ವೀನ್' ಹೋಗಿ 'ಎಂಪ್ರೆಸ್' ಬಂತು. 1940ರಿಂದ ಯುದ್ಧದ ಕಾಲಕ್ಕೆ ಬೆಳ್ಳಿ ಅರ್ಧಕ್ಕಿಳಿಯಿತು. 1947ರ ಹುಲಿ ಚಿತ್ರದ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಬರೀ ನಿಕ್ಕಲ್. ಅಯಸ್ಕಾಂತ ಹಿಡಿದರೆ ಟಪ್ಪನೆ ಅಂಟಿಕೊಳ್ಳುತ್ತೆ.

ಹಳೇದಾದಷ್ಟೂ ಬೆಲೆ ಜಾಸ್ತಿ ಅನ್ನೋದು ಎಲ್ಲರ ನಂಬಿಕೆ. ಅದು ತಪ್ಪು. 1862ನೇ ಇಸವಿಯನ್ನೇ ಎಷ್ಟೋ ವರ್ಷ ಹಾಗೇ ಅಚ್ಚು ಹಾಕಿದ್ದರಿಂದ ಆ ರೂಪಾಯಿ ಬೇಕಾದಷ್ಟಿದೆ. ಅದಕ್ಕಿಂತ ತೀರಾ ಈಚಿನ 1939ರದು ಸಿಗುವುದೇ ಕಷ್ಟ. 1911ರ ಐದನೇ ಜಾರ್ಜ್ ರೂಪಾಯಿಯ ಕಥೆಯಂತೂ ಸ್ವಾರಸ್ಯವಾದದ್ದು. ದೊರೆಯ ನಿಲುವಂಗಿಯ ಮೇಲಿನ ಪುಟ್ಟ ಆನೆ ಜನರ ಕಣ್ಣಿಗೆ ಹಂದಿಯಂತೆ ಕಂಡು ಗಲಾಟೆಯಾಯಿತು. ಅಚ್ಚಾಗಿದ್ದ ಸುಮಾರು 94 ಲಕ್ಷದಲ್ಲಿ ಹೊರಬಿದ್ದದ್ದು ಸುಮಾರು 7 ಲಕ್ಷ. ಮಿಕ್ಕಿದ್ದನ್ನು ಕರಗಿಸಿ, ಮುಂದಿನ ವರ್ಷ ಆನೆಯನ್ನು ತಿದ್ದಿದರು. 'ಹಂದಿ ರೂಪಾಯಿ' ಎಂದೇ ಅದಕ್ಕೆ ಹೆಸರು.

ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿಯ ಬಣ್ಣ, ಗಾತ್ರ, ಗುಣ ನೋಡಿ ರೇಟು ಕಟ್ಟುವುದು ನಮಗೆ ಗೊತ್ತು. ನಾಣ್ಯಕ್ಕೂ ಹಾಗೇ. ಅಕ್ಷರ ಸವೆದಿದೆಯೋ, ಸರಕ್ಕೆ ಹಾಕಲು ಕೊಂಡಿ ಬೆಸೆದಿದ್ದಾರೋ, ಉಜ್ಜಿದ್ದಾರೋ ಎಂದೆಲ್ಲ ನೋಡುತ್ತಾರೆ. ಚಿಕ್ಕವನಿದ್ದಾಗ ನಾನೇ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಒಂದು ಒಳ್ಳೇ ರೂಪಾಯಿಯನ್ನು ಹಾಳುಮಾಡಿದ್ದೇನೆ. ಫಳಫಳ ಹೊಳೆಯಿತು, ಸಂಗ್ರಹಕಾರರ ಲೆಕ್ಕದಲ್ಲಿ ಬೆಲೆ ಹೋಯಿತು.

ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಅಜ್ಜಿ ಕೂಡಿಟ್ಟಿದ್ದ ಹನ್ನೊಂದು ರೂಪಾಯಿಯನ್ನು ನಮ್ಮಪ್ಪ ಅಕ್ಕನ ಕಾಲುಚೈನಿಗೆಂದು ಕರಗಿಸಲು ಕೊಟ್ಟರು. "ಬೆಳ್ಳಿ ಬೆಳ್ಳೀನೇ ಅಲ್ವೇನೋ, ಎಲ್ಲೋಗುತ್ತೆ" ಅಂದರು. ಅಕ್ಕನ ಮದುವೆಗೆ ಅದು ಬೇಕಾಗಿತ್ತು, ಅವರದೇನೂ ತಪ್ಪಿಲ್ಲ. ಆದರೆ ಆ ಹನ್ನೊಂದರಲ್ಲಿ ಯಾವ ಯಾವ ಇಸವಿ ಇದ್ದವೋ, ನಾವ್ಯಾರೂ ನೋಡಲೇ ಇಲ್ಲ.

ನೋಟಿನ ವಿಷಯಕ್ಕೆ ಬಂದರೆ, ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಇಷ್ಟು ಶುಲ್ಕ ಕಟ್ಟಿ ಎಂದು ಮೊಬೈಲಿನಲ್ಲಿ ಹೇಳುವವರನ್ನು ನಂಬಬೇಡಿ. ತನ್ನ ಹೆಸರಿನಲ್ಲೇ ಇಂಥ ಮೋಸ ನಡೆಯುತ್ತಿದೆ ಎಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಎಚ್ಚರಿಸಿದೆ. 2016ರಲ್ಲಿ ರದ್ದಾದ 500, 1000ದ ನೋಟು ನೆನಪಿಗೆಂದು ಇಟ್ಟುಕೊಂಡವರಿಗೂ ಮಿತಿಯಿದೆ: 2017ರ ಕಾಯಿದೆಯಂತೆ ಒಟ್ಟು ಹತ್ತು, ಅಧ್ಯಯನಕ್ಕೋ ಸಂಗ್ರಹಕ್ಕೋ ಆದರೆ ಇಪ್ಪತ್ತೈದು.

ಬೆಳ್ಳಿ ಹಬ್ಬದ ದಿನ ಸಂಘದ ಕಟ್ಟಡದ ಹತ್ತಿರ ನಾನಿರುತ್ತೇನೆ. ಮನೆಯ ನಾಣ್ಯ ತಂದರೆ ಇಸವಿ ಓದಿ ಹೇಳುತ್ತೇನೆ. ಭೂತಗನ್ನಡಿ, ಅಯಸ್ಕಾಂತ ನನ್ನ ಬಳಿ ಇವೆ. ದಯಮಾಡಿ ಯಾರೂ ಹುಣಸೆಹಣ್ಣಿನಲ್ಲಿ ತೊಳೆದು ತರಬೇಡಿ.