ಇದ್ದಿಲ ಬಸ್ಸು, ಡೀಸೆಲ್ ಜೀಪು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ನಮ್ಮ ನಾಡಿನ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆಯನ್ನು ಕಟ್ಟಿಕೊಂಡವು. ಸಾಕಷ್ಟು ಗಾಳಿ ಸಿಗದೆ ಉರಿಯುವ ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಕೊಡುತ್ತದೆ. ಅದನ್ನು ಸೋಸಿ, ತಣಿಸಿ, ಪೆಟ್ರೋಲ್ ಎಂಜಿನ್ನಿಗೇ ಉಣಿಸುತ್ತಿದ್ದರು. ಬಲ ಮಾತ್ರ ಕುಗ್ಗುತ್ತಿತ್ತು. ದೇವಿಮನೆ, ಅರಬೈಲು ಘಟ್ಟಗಳ ಏರನ್ನು ಬಲ್ಲ ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯುದ್ಧಾನಂತರ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಅಡಿಕೆ ತೋಟದ ದಾರಿಗೆ ಹೇಳಿ ಮಾಡಿಸಿದಂಥ ಗಾಡಿ. ಪೆಟ್ರೋಲ್ ಕುಡಿಯುವುದರಲ್ಲಿ ಮಾತ್ರ ಧಾರಾಳಿ. 1973ರಲ್ಲಿ ತೈಲದ ಬೆಲೆ ಏರಿದ ಬಳಿಕ ಅನೇಕ ಜೀಪುಗಳಲ್ಲಿ ಡೀಸೆಲ್ ಎಂಜಿನ್ ಬಂದು ಕುಳಿತಿತು.

2021ರ ಕೇಂದ್ರ ನಿಯಮವು 50 ವರ್ಷ ದಾಟಿ, ಮೂಲರೂಪದಲ್ಲೇ ಉಳಿದು, ದೊಡ್ಡ ಮಾರ್ಪಾಡು ಕಾಣದ ವಾಹನವನ್ನು ಮಾತ್ರ ‘ವಿಂಟೇಜ್’ ಎನ್ನುತ್ತದೆ. ಪ್ರದರ್ಶನಕ್ಕೆ ಆ ಅಳತೆ ಸರಿ. ಇತಿಹಾಸಕ್ಕೆ ಅದೊಂದೇ ಸಾಲದೆಂದು ನಾನು ಬಗೆಯುತ್ತೇನೆ. ಮನೆಯಂಗಳದಲ್ಲಿ ಹಳೆಯ ಜೀಪನ್ನು ಬಿಚ್ಚಿ ಕೂರುವವರಿಗೆ ನನ್ನದೊಂದು ಬಿನ್ನಹ: ಮೂಲ ಎಂಜಿನ್ನನ್ನು ಹುಡುಕಿ ತರುವುದಾದರೆ ತನ್ನಿ. ಆದರೆ ನಡುವೆ ಬಂದ ಎಂಜಿನ್ನನ್ನೂ ಬೆಸುಗೆಯ ತುಂಡುಗಳನ್ನೂ ಗುಜರಿಗೆ ಹಾಕುವ ಮುನ್ನ ಅವುಗಳ ವಿವರವನ್ನು ಬರೆದಿಡಿ. ಕಾರ್ಖಾನೆಯ ಕಥೆ ಕಾರ್ಖಾನೆಯ ಕಾಗದಗಳಲ್ಲಿ ಉಳಿದೀತು. ನಮ್ಮೂರಿನ ಕಥೆ ಇರುವುದು ಆ ಬೆಸುಗೆಯಲ್ಲಿ.