ಬೇಡವೆಂದು ಬಿಟ್ಟ ಅಲೆಗಳು

ಚಾಮುಂಡಿ ಬೆಟ್ಟ ಮೈಸೂರಿನ ಬಯಲಿಗಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರಕ್ಕೆ ಏರಿದರೆ ದಿಗಂತ ಸುಮಾರು 60 ಕಿಲೋಮೀಟರ್ ದೂರಕ್ಕೆ ಸರಿಯುತ್ತದೆ. ನಂಜನಗೂಡು, ತಿರುಮಕೂಡಲು ನರಸೀಪುರ, ಅದರಾಚೆಯ ಮೂಗೂರು ಎಲ್ಲವೂ ಆ ವೃತ್ತದೊಳಗೆ ಬರುತ್ತವೆ. ಅಷ್ಟು ದೂರಕ್ಕೆ ಕೈಯಲ್ಲಿ ಹಿಡಿಯುವ ನಿಸ್ತಂತು ಯಂತ್ರದ ಮಾತೂ ಮುಟ್ಟಬಲ್ಲದು. ಆದರೆ ಐದು ವ್ಯಾಟಿನ ಪುಟ್ಟ ಯಂತ್ರ, ಹತ್ತು ಮೀಟರ್ ತಂತಿ ಮತ್ತು ಒಂದು ಮೋರ್ಸ್ ಕೀಲಿಯನ್ನು ಚೀಲಕ್ಕೆ ಹಾಕಿಕೊಂಡು ಬೆಟ್ಟವೇರುವ ಹವ್ಯಾಸಿಗಳು ಕಡಲಾಚೆಯ ದೇಶಗಳನ್ನೇ ಮಾತನಾಡಿಸುತ್ತಾರೆ. ಇದು ಹೇಗೆ ಸಾಧ್ಯವಾಯಿತೆಂದು ತಿಳಿಯಲು ನೂರು ವರ್ಷ ಹಿಂದೆ ಹೋಗಬೇಕು.

ಆಗ ಉದ್ದದ ಅಲೆಗಳೇ ದೂರ ಹೋಗುತ್ತವೆಂದು ತಜ್ಞರು ನಂಬಿದ್ದರು. ನೌಕಾಪಡೆ, ಕಂಪನಿಗಳು ಅವನ್ನು ಹಂಚಿಕೊಂಡವು. 1912ರಲ್ಲಿ ಅಮೆರಿಕ ಮಾಡಿದ ಕಾನೂನು ಹವ್ಯಾಸಿಗಳನ್ನು 200 ಮೀಟರ್ ಮತ್ತು ಅದಕ್ಕಿಂತ ಕಿರಿದಾದ ಅಲೆಗಳಿಗೆ ತಳ್ಳಿತು. ಯಾರಿಗೂ ಬೇಡವಾದ ಬೀಳುಭೂಮಿಯನ್ನು ಬಡವನಿಗೆ ಕೊಟ್ಟಂತೆ. ಆದರೆ ಹವ್ಯಾಸಿಗಳು ಆ ಬೀಳನ್ನೇ ಉತ್ತರು. 1923ರ ನವೆಂಬರಿನಲ್ಲಿ ಫ್ರಾನ್ಸ್ ಮತ್ತು ಅಮೆರಿಕದ ಹವ್ಯಾಸಿಗಳು ಅಟ್ಲಾಂಟಿಕ್ ಸಾಗರದ ಎರಡು ದಡಗಳಿಂದ ಪರಸ್ಪರ ಸಂದೇಶ ವಿನಿಮಯ ಮಾಡಿಕೊಂಡರು. 1924ರ ಅಕ್ಟೋಬರ್ 18ರಂದು ನ್ಯೂಜಿಲೆಂಡಿನ ಕುರಿ ಸಾಕಣೆಯ ಜಮೀನೊಂದರಿಂದ ಫ್ರಾಂಕ್ ಬೆಲ್ ಕಳಿಸಿದ ಮೋರ್ಸ್ ಸಂಕೇತಕ್ಕೆ ಲಂಡನ್ನಿನ ಮಿಲ್ ಹಿಲ್ ಶಾಲೆಯಿಂದ ಸೆಸಿಲ್ ಗೋಯ್ಡರ್ ಎಂಬ ತರುಣ ಉತ್ತರಿಸಿದ. ಭೂಮಿಯ ಎರಡು ತುದಿಗಳು ಮಾತಾಡಿದ್ದವು. ಕಿರುತರಂಗಗಳು ಮೇಲಿನ ಅಯಾನುಗೋಳಕ್ಕೆ ತಾಗಿ ಮರಳಿ ನೆಲಕ್ಕಿಳಿಯುತ್ತವೆ. ಹೀಗೆ ಪುಟಿಯುತ್ತ ಸಾಗರಗಳನ್ನೇ ದಾಟುತ್ತವೆ. ಇದು ಮನದಟ್ಟಾದೊಡನೆ ದೊಡ್ಡ ಕಂಪನಿಗಳೂ ಅದೇ ಬೀಳಿಗೆ ಧಾವಿಸಿ ಬಂದವು.

ಅಲ್ಪ ಶಕ್ತಿಯ ರೇಡಿಯೋ ಮೈಸೂರಿಗೂ ಹೊಸದಲ್ಲ. 1935ರ ಸೆಪ್ಟೆಂಬರ್ 10ರಂದು ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ 30 ವ್ಯಾಟಿನ ಪ್ರೇಷಕವೊಂದನ್ನು ಇಟ್ಟುಕೊಂಡು ಪ್ರಸಾರ ಆರಂಭಿಸಿದರು. ಹ್ಯಾಮ್‌ಗಳು ನಡೆಸುವುದು ಪರಸ್ಪರ ಸಂಭಾಷಣೆ. ಗೋಪಾಲಸ್ವಾಮಿಯವರದು ಜನರಿಗಾಗಿ ನಡೆಸಿದ ಪ್ರಸಾರ. ಆದರೆ ಎರಡರ ಬೇರೂ ಒಂದೇ: ಸಂಬಳಕ್ಕಲ್ಲದೆ ಆಸಕ್ತಿಗಾಗಿ ಮಾಡಿದ ಕೆಲಸ. ಆ ಪುಟ್ಟ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರನ್ನು 1950ರ ದಶಕದಲ್ಲಿ ಇಡೀ ದೇಶದ ಬಾನುಲಿಯೇ ತನ್ನದಾಗಿಸಿಕೊಂಡಿತು.

ಮೂವತ್ತಲ್ಲ, ಐದೇ ವ್ಯಾಟು ಸಾಕೆನ್ನುವವರ ಧೈರ್ಯಕ್ಕೆ ಮೂರು ಕಾರಣಗಳಿವೆ. ಮೊದಲನೆಯದು, ಶಕ್ತಿ ಇಳಿದಷ್ಟು ಸಂಕೇತ ಕುಗ್ಗುವುದಿಲ್ಲ. ಹ್ಯಾಮ್‌ಗಳು ಸಂಕೇತದ ಬಲವನ್ನು ಒಂಬತ್ತು ಮೆಟ್ಟಿಲುಗಳ ಮಾಪನದಲ್ಲಿ ಅಳೆಯುತ್ತಾರೆ. 100 ವ್ಯಾಟಿನಿಂದ 5ಕ್ಕೆ ಇಳಿದರೆ ಕಳೆದುಹೋಗುವುದು ಎರಡು ಮೆಟ್ಟಿಲು ಮಾತ್ರ. ಎರಡನೆಯದು ಮೋರ್ಸ್. ಮಾತಿಗೆ ಸುಮಾರು 2,500 ಹರ್ಟ್ಸ್ ಅಗಲದ ದಾರಿ ಬೇಕು. ಮೋರ್ಸಿಗೆ ನೂರಿನ್ನೂರು ಹರ್ಟ್ಸ್ ಸಾಕು. ಇದ್ದ ಶಕ್ತಿಯೆಲ್ಲ ಆ ಇಕ್ಕಟ್ಟಿನ ಓಣಿಯಲ್ಲಿ ಹರಿಯುತ್ತದೆ, ಕೇಳುವವನಿಗೆ ಗದ್ದಲವೂ ಅಷ್ಟೇ ಕಡಿಮೆ. ಮೂರನೆಯದು ಬೆಟ್ಟ. ವಿದ್ಯುತ್ ತಂತಿ, ಮೋಟಾರು, ಮನೆಯ ಯಂತ್ರಗಳು ಎಬ್ಬಿಸುವ ಕರಕರ ಸದ್ದು ಬೆಟ್ಟದ ತುದಿಯಲ್ಲಿ ತೀರ ಕಡಿಮೆ. ಇಳಿಜಾರು ನೆಲ ಅಲೆಯನ್ನು ದಿಗಂತದ ಕಡೆಗೆ ತಗ್ಗಾಗಿ ಕಳಿಸಲು ನೆರವಾಗುತ್ತದೆ. ಹೀಗೆ ಬೆಟ್ಟಗಳಿಂದ ಸಂಪರ್ಕ ಸಾಧಿಸುವ ಹವ್ಯಾಸಕ್ಕೆ 2002ರಲ್ಲಿ ಬ್ರಿಟನ್ನಿನಲ್ಲಿ ವ್ಯವಸ್ಥಿತ ರೂಪ ಸಿಕ್ಕಿ, ಅದು ಅನೇಕ ದೇಶಗಳಿಗೆ ಹಬ್ಬಿತು.

ಮೋರ್ಸ್ ಕಲಿಯುವುದು ಕಣ್ಣಿನ ಕೆಲಸವಲ್ಲ, ಕಿವಿಯ ಕೆಲಸ. ಛಂದಸ್ಸು ಬಲ್ಲವರಿಗೆ ಇದು ಬೇಗ ಹಿಡಿಯುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೋರ್ಸಿನಲ್ಲಿ ಚುಕ್ಕಿಗೆ ಒಂದು, ಗೆರೆಗೆ ಮೂರು. ಅಕ್ಷರಗಳನ್ನು ಎಣಿಸದೆ ಲಯವಾಗಿ ಕೇಳಿಸಿಕೊಳ್ಳುವವನೇ ನಿಜವಾದ ಆಪರೇಟರ್.

ಆ ಕಿವಿ ಈಗ ಅಪರೂಪವಾಗುತ್ತಿದೆ. ಅಂಚೆ-ತಂತಿ ಕಚೇರಿಗಳಿಂದ ಮೋರ್ಸ್ ಕೀಲಿ ಎಂದೋ ಮರೆಯಾಯಿತು. 2013ರ ಜುಲೈನಲ್ಲಿ ದೇಶದ ಟೆಲಿಗ್ರಾಂ ಸೇವೆಯೇ ನಿಂತಿತು. ಹವ್ಯಾಸಿಗಳು ಮೋರ್ಸ್ ಕಲಿತಿರಲೇಬೇಕೆಂಬ ಅಂತರರಾಷ್ಟ್ರೀಯ ನಿಬಂಧನೆಯೂ 2003ರಲ್ಲಿ ಸಡಿಲಗೊಂಡು, ಅದು ಆಯಾ ದೇಶದ ಇಚ್ಛೆಗೆ ಬಿಟ್ಟ ವಿಷಯವಾಯಿತು.

ಇದು ಬರೀ ಹಳೆಯದರ ಮೇಲಿನ ಮೋಹವೇ? 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಭಾರತಿ ಪ್ರಸಾದ್ ನೇತೃತ್ವದ ಹ್ಯಾಮ್ ತಂಡ ಪೋರ್ಟ್ ಬ್ಲೇರಿನಲ್ಲಿತ್ತು. ಹವ್ಯಾಸಕ್ಕೆಂದು ಒಯ್ದಿದ್ದ ಯಂತ್ರಗಳೇ ಅಂಡಮಾನಿನಿಂದ ಮುಖ್ಯಭೂಮಿಗೆ ಸುದ್ದಿ ಮುಟ್ಟಿಸಿದವು. ಗೋಪುರಗಳು ಉರುಳಿ, ವಿದ್ಯುತ್ ಕೈಕೊಟ್ಟಾಗ ಬ್ಯಾಟರಿಯ ಮೇಲೆ ಗಂಟೆಗಟ್ಟಲೆ ನಡೆಯುವ ಅಲ್ಪ ಶಕ್ತಿಯ ಯಂತ್ರ ಮತ್ತು ಅದನ್ನು ಬಳಸಬಲ್ಲ ಮನುಷ್ಯ, ಇಬ್ಬರೂ ಸಿದ್ಧರಿರಬೇಕು. ಯಂತ್ರವನ್ನು ಅಂಗಡಿಯಲ್ಲಿ ಕೊಳ್ಳಬಹುದು. ಕಿವಿಯ ಅಭ್ಯಾಸವನ್ನು ಆಪತ್ತು ಬಂದ ದಿನ ಕೊಳ್ಳಲಾಗದು.

1912ರಲ್ಲಿ ಬಲ್ಲವರು ಬೇಡವೆಂದು ಬಿಟ್ಟ ಅಲೆಗಳನ್ನು ಹವ್ಯಾಸಿಗಳು ಎತ್ತಿಕೊಂಡರು, ಜಗತ್ತಿಗೆ ಅದರಿಂದ ಲಾಭವಾಯಿತು. ಈಗ ಬೇಡವೆಂದು ಬಿಟ್ಟ ಮೋರ್ಸನ್ನೂ ಅವರೇ ಕಾಯ್ದುಕೊಂಡಿದ್ದಾರೆ. ಬೀಳುಭೂಮಿಯ ಬೆಲೆ ಉತ್ತವನಿಗೇ ಗೊತ್ತು.