ದನದ ಸೂಜಿಮದ್ದು ಮತ್ತು ರಣಹದ್ದು

ಸಿರಸಂಗಿ, ಸವದತ್ತಿ, ಬೈಲಹೊಂಗಲ ಕಡೆಯ ಹಳ್ಳಿಗಳಲ್ಲಿ ಅರವತ್ತು ದಾಟಿದವರನ್ನು ಒಮ್ಮೆ ಕೇಳಿ ನೋಡಿ. ಎತ್ತು, ಎಮ್ಮೆ ಸತ್ತರೆ ಊರ ಹೊರಗೆ ಎಳೆದು ಹಾಕುತ್ತಿದ್ದ ಕಾಲ ಅವರಿಗೆ ನೆನಪಿದೆ. ಚರ್ಮ ಸುಲಿದಾದ ಮೇಲೆ ಉಳಿದ ಕೆಲಸ ರಣಹದ್ದುಗಳದ್ದು. ಮುಗಿಲಲ್ಲಿ ಸುತ್ತು ಹಾಕುತ್ತ ಒಂದೊಂದಾಗಿ ಇಳಿಯುತ್ತಿದ್ದವು, ಹೊತ್ತು ಮುಳುಗುವುದರೊಳಗೆ ಬರೀ ಎಲುಬು ಉಳಿಯುತ್ತಿತ್ತು. ಇವತ್ತು ಅದೇ ಜಾಗದಲ್ಲಿ ನಾಯಿಗಳ ಹಿಂಡು ಇರುತ್ತದೆ.

ಹದ್ದು ಎಲ್ಲಿ ಹೋದವು? ಮೊಬೈಲ್ ಟವರ್ ಬಂತು, ಹೋದವು ಅನ್ನುವವರಿದ್ದಾರೆ. ಗಿಡ ಕಡಿದರು, ಹೋದವು ಅನ್ನುವವರೂ ಇದ್ದಾರೆ. ನಿಜವಾದ ಕಾರಣ ನಮ್ಮ ದನದ ಕೊಟ್ಟಿಗೆಯಲ್ಲೇ ಇತ್ತು. ಆ ಕಥೆಯನ್ನು ಮೊದಲಿನಿಂದ ಹೇಳುತ್ತೇವೆ.

1980ರ ದಶಕದಲ್ಲಿ ಭಾರತದಲ್ಲಿ ಸುಮಾರು 4 ಕೋಟಿ ರಣಹದ್ದುಗಳಿದ್ದವು ಎಂದು ಅಂದಾಜು. ರಾಜಸ್ಥಾನದ ಭರತಪುರ ಪಕ್ಷಿಧಾಮದಲ್ಲಿ ವರ್ಷಗಟ್ಟಲೆ ಅವುಗಳ ಲೆಕ್ಕ ಇಡುತ್ತಿದ್ದ ವಿಜ್ಞಾನಿ ವಿಭು ಪ್ರಕಾಶ್ ಅವರಿಗೆ 1990ರ ದಶಕದಲ್ಲಿ ಗೂಡುಗಳು ಖಾಲಿಯಾಗುತ್ತಿರುವುದು ಕಂಡಿತು. ಹಕ್ಕಿಗಳು ಕತ್ತು ಜೋತು ಹಾಕಿ ಕೂತು, ಕೆಲವು ದಿನಗಳಲ್ಲಿ ಸತ್ತು ಬೀಳುತ್ತಿದ್ದವು. 1992ರಿಂದ 2007ರ ನಡುವೆ ಬಿಳಿಬೆನ್ನಿನ ರಣಹದ್ದು ಸಾವಿರಕ್ಕೆ ಒಂದು ಉಳಿಯಿತು. ಉದ್ದಕೊಕ್ಕಿನ ರಣಹದ್ದು ನೂರಕ್ಕೆ ಮೂರು ಉಳಿದರೆ ಹೆಚ್ಚು. ಜಗತ್ತಿನಲ್ಲಿ ಯಾವ ಹಕ್ಕಿಯೂ ಇಷ್ಟು ಬೇಗ ಕರಗಿದ್ದು ಕಡಿಮೆ.

ಮೊದಲು ಯಾವುದೋ ರೋಗ ಇರಬೇಕು ಅಂದುಕೊಂಡರು. ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕೊಯ್ದು ನೋಡಿದ ಲಿಂಡ್ಸೆ ಓಕ್ಸ್ ಮತ್ತು ಜೊತೆಗಾರರು 2004ರಲ್ಲಿ ಉತ್ತರ ಕೊಟ್ಟರು. ಅದು ಡೈಕ್ಲೋಫೆನಾಕ್. ನಾವೂ ನೀವೂ ಮೈಕೈ ನೋವಿಗೆ ನುಂಗುವ ಅದೇ ಮದ್ದು. 1990ರ ದಶಕದಲ್ಲಿ ಅದು ದನಗಳಿಗೂ ಬಂತು. ಅಗ್ಗ, ಬೇಗ ಕೆಲಸ ಮಾಡುತ್ತದೆ, ಕುಂಟುವ ಎತ್ತು ಮರುದಿನ ನೊಗಕ್ಕೆ ನಿಲ್ಲುತ್ತದೆ. ರೈತ ಅದನ್ನು ಬಯಸಿದ್ದರಲ್ಲಿ ತಪ್ಪೇನಿಲ್ಲ. ಆದರೆ ಸೂಜಿ ಹಾಕಿದ ಒಂದೆರಡು ದಿನದಲ್ಲಿ ದನ ಸತ್ತರೆ ಮದ್ದು ಅದರ ಮಾಂಸದಲ್ಲೇ ಇರುತ್ತದೆ. ಅದನ್ನು ತಿಂದ ಹದ್ದಿನ ಮೂತ್ರಪಿಂಡ ನಿಂತು ಹೋಗುತ್ತದೆ. ಸುಣ್ಣ ಬಳಿದಂತೆ ಬಿಳಿ ಹರಳು ಒಳಗಿನ ಅಂಗಗಳಿಗೆಲ್ಲ ಅಂಟಿಕೊಳ್ಳುತ್ತದೆ.

ಇಲ್ಲಿ ಒಂದು ಲೆಕ್ಕ ನೆನಪಿಡಬೇಕು. ಎಲ್ಲ ದನಗಳಿಗೂ ಈ ಸೂಜಿ ಬಿದ್ದಿರಬೇಕಿಲ್ಲ. ಸತ್ತ ನೂರು ದನಗಳಲ್ಲಿ ಒಂದಕ್ಕಿಂತ ಕಡಿಮೆ ದನಗಳಲ್ಲಿ ಮದ್ದು ಇದ್ದರೂ ಹದ್ದಿನ ಕುಲ ನಾಶವಾಗಲು ಸಾಕು ಎಂದು ವಿಜ್ಞಾನಿಗಳು ತೋರಿಸಿದರು. ಕಾರಣ, ಒಂದು ದನದ ಮೇಲೆ ಹತ್ತಾರು ಹದ್ದು ಒಟ್ಟಿಗೆ ಇಳಿಯುತ್ತವೆ. ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ದೊಡ್ಡದಾಗಿ ತಾನು ಗೂಡು ಕಟ್ಟಲು ಐದು ವರ್ಷದ ಹತ್ತಿರ ಬೇಕು. ಒಂದು ದಿನದಲ್ಲಿ ಹೋದದ್ದು ತುಂಬಿ ಬರಲು ಒಂದು ತಲೆಮಾರು ಹಿಡಿಯುತ್ತದೆ.

2006ರಲ್ಲಿ ಕೇಂದ್ರ ಸರ್ಕಾರ ದನಗಳಿಗಾಗಿ ಡೈಕ್ಲೋಫೆನಾಕ್ ತಯಾರಿಸುವುದನ್ನು ನಿಲ್ಲಿಸಿತು. ಆದರೂ ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಬಾಟಲಿಗಳು ಕೊಟ್ಟಿಗೆಗೆ ಹೋಗುತ್ತಲೇ ಇದ್ದವು. 2015ರಲ್ಲಿ ಆ ಬಾಟಲಿಯನ್ನು 3 ಮಿಲಿಲೀಟರಿಗೆ ಇಳಿಸಿದರು. ಕಂಪನಿಗಳು ಕೋರ್ಟಿಗೆ ಹೋದವು. 2017ರಲ್ಲಿ ಮದ್ರಾಸ್ ಹೈಕೋರ್ಟ್ ಸರ್ಕಾರದ ಆದೇಶವನ್ನೇ ಎತ್ತಿ ಹಿಡಿಯಿತು. ಹದ್ದಿಗೆ ಅಷ್ಟೇ ವಿಷವಾದ ಕೀಟೊಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್ ಮದ್ದುಗಳನ್ನು 2023ರಲ್ಲಿ ದನಗಳಿಗೆ ನಿಷೇಧಿಸಿದರು.

ನಮ್ಮ ರಾಜ್ಯದಲ್ಲಿ ಉಳಿದ ಹದ್ದುಗಳಿಗೆ ಒಂದು ನೆಲೆ ರಾಮನಗರದ ರಾಮದೇವರಬೆಟ್ಟ. ‘ಶೋಲೆ’ ಸಿನಿಮಾದಲ್ಲಿ ಗಬ್ಬರ್ ಸಿಂಗ್ ಓಡಾಡಿದ ಬಂಡೆಗಳು ಅಲ್ಲಿಯವೇ. 2012ರ ಜನವರಿಯಲ್ಲಿ ಅಲ್ಲಿಯ ಸುಮಾರು 346 ಹೆಕ್ಟೇರನ್ನು ರಣಹದ್ದು ಧಾಮ ಎಂದು ಘೋಷಿಸಿದರು. ದೇಶದಲ್ಲಿ ಅದೇ ಮೊದಲನೆಯದು. ಬೆಂಗಳೂರಿನಿಂದ 50 ಕಿಲೋಮೀಟರ್, ಕೆಳಗೆ ಮೈಸೂರು ಹೆದ್ದಾರಿ, ಸುತ್ತ ಬೆಳೆಯುತ್ತಿರುವ ಪಟ್ಟಣ. ಬಂಡೆಗೆ ರಕ್ಷಣೆ ಸಿಕ್ಕಿದೆ, ಆದರೂ ಅಲ್ಲಿ ಉದ್ದಕೊಕ್ಕಿನ ಹದ್ದು ಇಂದಿಗೂ ಬೆರಳೆಣಿಕೆಯಷ್ಟೇ. ಗೂಡು ಬೆಟ್ಟದ ಮೇಲಿದ್ದರೂ ಊಟ ಬೆಟ್ಟದ ಕೆಳಗಿನ ಹಳ್ಳಿಗಳಲ್ಲಿದೆ. ಊಟ ಹುಡುಕುತ್ತ ಹದ್ದು ದಿನಕ್ಕೆ ಹತ್ತಾರು ಮೈಲಿ ಹಾರುತ್ತದೆ. ಬೇಲಿ ಹಾಕಿ ಅದನ್ನು ಕಾಯಲಾಗದು.

ಹದ್ದು ಹೋದರೆ ನಮಗೇನು ಎಂದು ಕೇಳುವವರಿಗೆ ಒಂದು ಉತ್ತರವಿದೆ. 2024ರಲ್ಲಿ ಅಮೆರಿಕದ ಅರ್ಥಶಾಸ್ತ್ರ ಪತ್ರಿಕೆಯೊಂದರಲ್ಲಿ ಅಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಸಂಶೋಧಕರು ಭಾರತದ ಜಿಲ್ಲೆಗಳ ಲೆಕ್ಕ ಪ್ರಕಟಿಸಿದರು. ಹಿಂದೆ ಹದ್ದು ಹೆಚ್ಚಿದ್ದ ಜಿಲ್ಲೆಗಳಲ್ಲಿ, ಹದ್ದು ಹೋದ ಮೇಲೆ, 2000ದಿಂದ 2005ರವರೆಗೆ ಸುಮಾರು 5 ಲಕ್ಷ ಜನ ಹೆಚ್ಚಾಗಿ ಸತ್ತರು ಎಂಬುದು ಅವರ ಅಂದಾಜು. ಕೊಳೆತ ಹೆಣ ನೀರಿಗೆ ಸೇರಿತು, ನಾಯಿಗಳು ಹೆಚ್ಚಿದವು, ಹುಚ್ಚುನಾಯಿ ಕಡಿತವೂ ಹೆಚ್ಚಿತು. ಕೊಳೆತ ಮಾಂಸದ ರೋಗಾಣುಗಳನ್ನು ಸುಡುವಷ್ಟು ಬಿರುಸಾದ ಆಮ್ಲ ಹದ್ದಿನ ಹೊಟ್ಟೆಯಲ್ಲಿದೆ. ನಾಯಿಯ ಹೊಟ್ಟೆಯಲ್ಲಿ ಅದಿಲ್ಲ.

ನಮ್ಮ ಕಡೆ ಜನ ಈ ಹಕ್ಕಿಯನ್ನು ಅಪಶಕುನ ಅಂದಿದ್ದೂ ಇದೆ, ಜಟಾಯು ಎಂದು ಕೈ ಮುಗಿದಿದ್ದೂ ಇದೆ. ರಾಮದುರ್ಗ ತಾಲೂಕಿನ ಸುರೇಬಾನದ ಹತ್ತಿರದ ಶಬರಿಕೊಳ್ಳಕ್ಕೆ ಹೋದವರಿಗೆ ಗೊತ್ತು, ರಾಮ ಶಬರಿಯ ಹತ್ತಿರ ಬಂದದ್ದು ಜಟಾಯುವಿನ ಅಂತ್ಯಸಂಸ್ಕಾರ ಮುಗಿಸಿದ ಮೇಲೆ. ಕೈ ಮುಗಿಯುವುದರ ಜೊತೆಗೆ ನಾವು ಮಾಡಬಹುದಾದ ಕೆಲಸ ಚಿಕ್ಕದು.

ಎತ್ತಿಗೆ, ಆಕಳಿಗೆ ನೋವು, ಜ್ವರ ಬಂದಾಗ ಪಶುವೈದ್ಯರಿಗೆ ಮೆಲಾಕ್ಸಿಕ್ಯಾಮ್ ಕೊಡಲು ಕೇಳಿ. ಅದು ಹದ್ದಿಗೆ ವಿಷವಲ್ಲ ಎಂದು ಪರೀಕ್ಷೆಯಾಗಿದೆ, ಸುಲಭವಾಗಿ ಸಿಗುತ್ತದೆ. ಮೆಡಿಕಲ್ ಅಂಗಡಿಯಿಂದ ಮನುಷ್ಯರ ಸೂಜಿಮದ್ದು ತಂದು ದನಕ್ಕೆ ಚುಚ್ಚಿಸಬೇಡಿ. ಸೂಜಿ ಹಾಕಿಸಿಕೊಂಡ ದನ ನಾಲ್ಕೈದು ದಿನದೊಳಗೆ ಸತ್ತರೆ ಬಯಲಿಗೆ ಎಳೆಯದೆ ಆಳವಾಗಿ ಹೂಳಿ. ನಾಯಿ, ತೋಳದ ಕಾಟಕ್ಕೆಂದು ಸತ್ತ ಕುರಿಗೆ ವಿಷ ಸವರಬೇಡಿ, ಅದನ್ನು ಹದ್ದೂ ತಿನ್ನುತ್ತದೆ.

ಕಾನೂನು ದಿಲ್ಲಿಯಲ್ಲಿ ಬರುತ್ತದೆ, ಧಾಮದ ಬೋರ್ಡು ರಾಮನಗರದಲ್ಲಿ ನಿಲ್ಲುತ್ತದೆ. ಯಾವ ಬಾಟಲಿಯಿಂದ ಮದ್ದು ಎಳೆಯಬೇಕು ಎಂಬುದು ಮಾತ್ರ ನಮ್ಮ ನಮ್ಮ ಕೊಟ್ಟಿಗೆಯಲ್ಲಿ ತೀರ್ಮಾನವಾಗುತ್ತದೆ. ಮುಂದಿನ ಸಲ ಡಾಕ್ಟರು ಬಂದಾಗ ಬಾಟಲಿಯ ಮೇಲಿನ ಹೆಸರು ಓದಿಸಿ ಕೇಳಿ.